ಹೊಸದಾಗಿ ಬಿಟ್ಟ ಟ್ರೌಟ್‌ಗೆ ಗಾಳ ಹಾಕುವ ಮುನ್ನ

ಮೀನು ತುಂಬಿದ ಲಾರಿ ಹೊಳೆಯ ದಡಕ್ಕೆ ಬಂದು, ತೊಟ್ಟಿಯಲ್ಲಿದ್ದ, ತಣ್ಣೀರಿನಲ್ಲಿ ಬದುಕುವ ಮೀನುಗಳಾದ ನೂರಾರು ಟ್ರೌಟ್‌ಗಳನ್ನು ಮಡುವಿಗೆ ಬಿಟ್ಟು ಹೊರಟ ಸ್ವಲ್ಪ ಹೊತ್ತಿಗೇ ಆ ಮಡುವಿನ ಸುತ್ತ ಜನ ಒತ್ತಿಕೊಂಡು ನಿಲ್ಲುವುದು ಹೀಗೆ ಸಾಕಿದ ಮೀನನ್ನು ತಂದು ಬಿಡುವ, ಅಂದರೆ ಬಿತ್ತನೆ ನಡೆಯುವ ಕಡೆಗಳಲ್ಲಿ ಹೊಸ ಸಂಗತಿಯೇನಲ್ಲ. ಹೀಗೆ ಹಿಡಿಯುವುದು ಬೇಟೆಯೇ ಅಲ್ಲವೆಂದು ಕೆಲವರು ಮೂಗು ಮುರಿಯುತ್ತಾರೆ. ಪರವಾನಗಿಗೆ ಹಣ ಕೊಟ್ಟಿದ್ದೇವೆ, ಹಿಡಿಯಲೆಂದೇ ಬಿಟ್ಟ ಮೀನನ್ನು ಹಿಡಿದರೆ ತಪ್ಪೇನು ಎಂದು ಉಳಿದವರು ಕೇಳುತ್ತಾರೆ. ಎರಡು ಮಾತಿನಲ್ಲೂ ಸತ್ಯವಿದೆಯಾದರೂ, ದಡದಲ್ಲಿ ನಿಂತವನು ಈಗ ಏನು ಮಾಡಬೇಕೆಂಬುದನ್ನು ಎರಡೂ ಹೇಳುವುದಿಲ್ಲ. ನನ್ನ ಮಟ್ಟಿಗೆ, ಸುಲಭವಾಗಿ ಸಿಗುವ ಮೀನನ್ನು ಹಿಡಿಯುವುದೇ ತಪ್ಪಲ್ಲ. ಆದರೆ ಮೀನು ಎಷ್ಟು ಸುಲಭವಾಗಿ ಸಿಗುತ್ತದೋ ಹಿಡಿಯುವವನ ಮೇಲಿನ ಹೊಣೆ ಅಷ್ಟೇ ಹೆಚ್ಚುತ್ತದೆ, ಏಕೆಂದರೆ ಕಾಡಿನ ಹೊಳೆಯಲ್ಲಿ ಮೀನಿನ ಜಾಣತನವೇ ನಮ್ಮ ಆಸೆಗೆ ಹಾಕುವ ಕಡಿವಾಣವನ್ನು ಇಲ್ಲಿ ನಾವೇ ಹಾಕಿಕೊಳ್ಳಬೇಕಾಗುತ್ತದೆ.

ಮೊದಲು ಮೀನನ್ನು ಅರಿಯಬೇಕು. ಹಿಡಿಯುವ ಗಾತ್ರಕ್ಕೆ ಬೆಳೆಸಿ ಬಿಡುವ ಟ್ರೌಟ್ ಸಾಮಾನ್ಯವಾಗಿ 25ರಿಂದ 30 ಸೆಂಟಿಮೀಟರ್ ಉದ್ದವಿರುತ್ತದೆ. ಅದು ತನ್ನ ಈವರೆಗಿನ ಬದುಕನ್ನೆಲ್ಲ ಮರಿ ಸಾಕಣೆ ಕೇಂದ್ರದ ಸಿಮೆಂಟ್ ಕಾಲುವೆಗಳಲ್ಲಿ, ಸಾವಿರಾರು ಮೀನುಗಳ ನಡುವೆ, ಮೇಲಿನಿಂದ ಉದುರುವ ಆಹಾರದ ಗುಳಿಗೆಗಳನ್ನು ತಿಂದು ಕಳೆದಿರುತ್ತದೆ. ಅಂಥ ಮೀನನ್ನು ಒದ್ದೆ ಕೈಯಲ್ಲಿ ಹಿಡಿದು ನೋಡಿದರೆ ಬೆನ್ನಿನ ರೆಕ್ಕೆ ಮೊಂಡಾಗಿರುವುದೂ, ಎದೆಯ ರೆಕ್ಕೆಗಳ ಅಂಚು ಸವೆದು ಒಳಗಿನ ಕಡ್ಡಿಗಳು ಬಾಗಿರುವುದೂ ಹಲವು ಬಾರಿ ಕಣ್ಣಿಗೆ ಬೀಳುತ್ತದೆ. ಇದು ಇಕ್ಕಟ್ಟಿನಲ್ಲಿ ಒಂದನ್ನೊಂದು ಕಚ್ಚಿ, ಒರಟು ಗೋಡೆಗೆ ಉಜ್ಜಿ ಆದ ಗುರುತು. ದಡದ ಮೇಲೆ ಮನುಷ್ಯನ ನೆರಳು ಆಡಿದರೆ ಹೊಳೆಯಲ್ಲೇ ಹುಟ್ಟಿದ ಮೀನು ಕಲ್ಲಿನ ಸಂದಿಗೆ ಓಡುತ್ತದೆ. ನಿನ್ನೆಯಷ್ಟೇ ಬಂದ ಈ ಮೀನು ನೆರಳಿನ ಕಡೆಗೇ ಬರುತ್ತದೆ, ಅದರ ಪಾಲಿಗೆ ನೆರಳೆಂದರೆ ಊಟ. ಇಂಥ ಮೀನಿನ ಹೊಟ್ಟೆಯನ್ನು ಸೀಳಿದಾಗ ಗುಳಿಗೆಯ ಗಾತ್ರದ ಸಣ್ಣ ಕಲ್ಲುಗಳೂ ಕಡ್ಡಿಯ ಚೂರುಗಳೂ ಸಿಕ್ಕಿದ್ದನ್ನು ನಾನು ನೋಡಿದ್ದೇನೆ. ಹಸಿದ ಮೀನು ತಿನ್ನಲು ಬಾರದ್ದನ್ನೂ ನುಂಗಿ ಪರೀಕ್ಷಿಸುತ್ತಿತ್ತೆಂಬುದು ಅರಿವಾದ ಮೇಲೆ, ಅದರ ಎದುರು ಗಾಳ ಹಿಡಿದು ನಿಂತ ನನ್ನ ಕೆಲಸ ಬೇರೆಯಾಗಿಯೇ ಕಂಡಿತು.

ಎರಡನೆಯದಾಗಿ, ಆ ನೀರಿಗೆ ಮೀನನ್ನು ಯಾವ ಉದ್ದೇಶದಿಂದ ಬಿಟ್ಟಿದ್ದಾರೆಂದು ತಿಳಿದುಕೊಳ್ಳಬೇಕು. ನೀತಿಯ ಅರ್ಧ ಉತ್ತರ ಇಲ್ಲಿಯೇ ಇದೆ. ಕೆಲವು ಹೊಳೆಗಳು ಬೇಸಿಗೆಯಲ್ಲಿ ಬಿಸಿಯಾಗಿಯೋ ನೀರು ಇಳಿದೋ ಟ್ರೌಟ್ ಬದುಕಲಾರದಂತಾಗುತ್ತವೆ. ಅಂಥಲ್ಲಿ ಬಿಡುವುದೇ ಹಿಡಿದು ತಿನ್ನಲಿ ಎಂದು. ಅಲ್ಲಿ ಮಿತಿಯೊಳಗೆ ಮೀನನ್ನು ಮನೆಗೆ ಒಯ್ಯುವುದರಲ್ಲಿ ಹಿಂಜರಿಯಬೇಕಾದದ್ದೇನೂ ಇಲ್ಲ, ಏಕೆಂದರೆ ಹರಿಯುವ ಹೊಳೆಗೆ ಬಿಟ್ಟ ಇಂಥ ಮೀನುಗಳಲ್ಲಿ ಬಹುಪಾಲು ಯಾರೂ ಗಾಳ ಹಾಕದಿದ್ದರೂ ಮುಂದಿನ ವರ್ಷವನ್ನು ಕಾಣುವುದಿಲ್ಲ. ಇನ್ನು ಕೆಲವೆಡೆ, ಹೆಚ್ಚಾಗಿ ತಂಪಾದ ಕೆರೆಗಳಲ್ಲಿ, ಬೆರಳುದ್ದದ ಮರಿಗಳನ್ನು ಅಲ್ಲೇ ಬೆಳೆಯಲೆಂದು ಬಿಟ್ಟಿರುತ್ತಾರೆ. ಅಲ್ಲಿ ಮೊದಲ ವರ್ಷ ಅವುಗಳ ಗೊಡವೆಗೆ ಹೋಗದಿರುವುದೇ ಸರಿ. ಅಳಿದುಹೋದ ಸ್ಥಳೀಯ ತಳಿಯನ್ನು ಮತ್ತೆ ನೆಲೆಗೊಳಿಸಲು ಬಿತ್ತನೆ ಮಾಡಿದ ನೀರು ಮೂರನೆಯ ಬಗೆಯದು. ಅಲ್ಲಿ ಒಂದು ಮೀನನ್ನು ಕೊಂದರೂ ಹಲವರ ಹಲವು ವರ್ಷಗಳ ದುಡಿಮೆಯನ್ನು ಕೊಂದಂತೆ. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಎಲ್ಲ ಕಡೆಯೂ ಹಿಡಿದು ಬಿಡುವುದೇ ಧರ್ಮವೆಂದೋ, ಎಲ್ಲ ಕಡೆಯೂ ಒಯ್ಯುವುದೇ ಹಕ್ಕೆಂದೋ ಸಾರುವುದು ಸರಿಯಲ್ಲ. ದಡದ ಫಲಕ, ಪರವಾನಗಿಯ ಜೊತೆಗೆ ಕೊಡುವ ನಿಯಮ ಪುಸ್ತಿಕೆ ಮತ್ತು ಬಿತ್ತನೆಯ ಪಟ್ಟಿಯನ್ನು ಹತ್ತು ನಿಮಿಷ ಕೂತು ಓದಿದರೆ ಈ ವಿಷಯ ತಿಳಿಯುತ್ತದೆ.

ಬಿತ್ತನೆಯ ಬಗ್ಗೆಯೇ ಒಂದು ಮಾತನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಮ್ಯಾಡಿಸನ್ ನದಿಯ ಅಧ್ಯಯನವು ಸಾಕಿದ ಟ್ರೌಟ್‌ಗಳನ್ನು ಬಿಡುವುದನ್ನು ನಿಲ್ಲಿಸಿದ ಕಡೆ ಹೊಳೆಯಲ್ಲೇ ಹುಟ್ಟಿದ ಟ್ರೌಟ್‌ಗಳು ಹೆಚ್ಚಿದ್ದನ್ನು ತೋರಿಸಿತು. ಆ ಬಳಿಕ, 1974ರಲ್ಲಿ, ಆ ರಾಜ್ಯವು ಕಾಡು ಟ್ರೌಟ್‌ಗಳಿರುವ ನದಿಗಳಲ್ಲಿ ಬಿತ್ತನೆಯನ್ನು ಕೈಬಿಟ್ಟಿತು. ಪೆಸಿಫಿಕ್ ತೀರದ ರೇನ್‌ಬೋ ಟ್ರೌಟ್ ಇಂದು ಅಂಟಾರ್ಕ್ಟಿಕಾ ಬಿಟ್ಟು ಉಳಿದೆಲ್ಲ ಖಂಡಗಳಲ್ಲಿ ಇದೆ. ಅದನ್ನು ಹೊರಗಿನಿಂದ ತಂದು ಬಿಟ್ಟ ಹಲವು ನೀರುಗಳಲ್ಲಿ ಸ್ಥಳೀಯ ಮೀನುಗಳ ಜೊತೆ ಅದು ಆಹಾರಕ್ಕಾಗಿ ಸೆಣಸುತ್ತದೆ, ಕಟ್‌ತ್ರೋಟ್ ಟ್ರೌಟ್‌ನಂಥ ಸಂಬಂಧಿ ತಳಿಯ ಜೊತೆಗಂತೂ ಕೂಡಿ ಮಿಶ್ರತಳಿಯನ್ನೇ ಹುಟ್ಟಿಸುತ್ತದೆ. ಆದ್ದರಿಂದ, ಸ್ಥಳೀಯ ಮೀನುಗಳ ನಡುವೆ ಬಿಟ್ಟ ಹೊರಗಿನ ಟ್ರೌಟ್ ಗಾಳಕ್ಕೆ ಬಿದ್ದಾಗ, ನಿಯಮ ಒಪ್ಪುವುದಾದರೆ, ಅದನ್ನು ಮರಳಿ ಬಿಡುವುದಕ್ಕಿಂತ ಇಟ್ಟುಕೊಳ್ಳುವುದೇ ಹೊಳೆಗೆ ಮಾಡುವ ಉಪಕಾರ.

ಇನ್ನು ಕಾಲದ ಪ್ರಶ್ನೆ. ಲಾರಿ ಬರುವ ದಿನವನ್ನು ಪತ್ತೆಹಚ್ಚಿ, ಅದರ ಬೆನ್ನು ಹತ್ತಿ ಮಡುವಿನಿಂದ ಮಡುವಿಗೆ ಹೋಗುವವರಿದ್ದಾರೆ. ಕಾನೂನು ತಡೆಯದಿದ್ದ ಮಾತ್ರಕ್ಕೆ ಅದು ಒಪ್ಪತಕ್ಕ ನಡೆಯಲ್ಲ. ತೊಟ್ಟಿಯಲ್ಲಿ ಕುಲುಕಾಡಿ, ಬೇರೆ ಉಷ್ಣತೆಯ ನೀರಿಗೆ ಬಿದ್ದ ಮೀನು ಬಳಲಿರುತ್ತದೆ. ಬಿಟ್ಟ ಜಾಗದಲ್ಲೇ ಗುಂಪುಗಟ್ಟಿ ನಿಂತಿರುವ ಅದನ್ನು ಮೊದಲ ಗಂಟೆಯಲ್ಲೇ ಹಿಡಿಯುವುದು ತೊಟ್ಟಿಯಿಂದಲೇ ಎತ್ತಿಕೊಂಡಂತೆ. ಬಿಟ್ಟ ಮೇಲೆ ಇಷ್ಟು ದಿನ ಹಿಡಿಯಬಾರದೆಂದು ನಿಯಮ ಹೇಳಿದ್ದರೆ ಅದನ್ನು ಅಕ್ಷರಶಃ ಪಾಲಿಸಬೇಕು. ಹೇಳದಿದ್ದರೂ ಮೂರು ನಾಲ್ಕು ದಿನ ತಡೆಯುವುದು ನನ್ನ ರೂಢಿ. ಅಷ್ಟರಲ್ಲಿ ಕೆಲವು ಮೀನುಗಳು ಹರಿವಿನ ಉದ್ದಕ್ಕೂ ಚದುರಿ, ಕಲ್ಲುಗಳ ಹಿಂದೆ ಜಾಗ ಹುಡುಕಿಕೊಂಡು, ಹುಳುಗಳನ್ನು ತಿನ್ನಲು ಕಲಿಯತೊಡಗಿರುತ್ತವೆ. ಆಗ ಬಿಟ್ಟ ಜಾಗದಿಂದ ಒಂದಿಷ್ಟು ದೂರ ನಡೆದುಹೋಗಿ ಗಾಳ ಹಾಕಿದರೆ ಜನಸಂದಣಿಯೂ ತಪ್ಪುತ್ತದೆ, ಮೀನಿಗೆ ತಪ್ಪಿಸಿಕೊಳ್ಳುವ ಅವಕಾಶವೂ ಇರುತ್ತದೆ. ಆದರೆ ಮೊದಲ ಸಲ ಗಾಳ ಹಿಡಿದ ಮಕ್ಕಳಿಗೂ, ದೂರ ನಡೆಯಲಾಗದ ಹಿರಿಯರಿಗೂ, ಗಾಲಿಕುರ್ಚಿಯಲ್ಲಿ ಬಂದವರಿಗೂ ಈ ಮಾತು ಅನ್ವಯಿಸುವುದಿಲ್ಲ. ನಿಯಮ ಅನುಮತಿಸುವ ಮೊದಲ ದಿನವೇ ಅವರು ಆ ಮಡುವಿನಲ್ಲಿ ಹಿಡಿಯಲಿ. ನಡೆಯಬಲ್ಲವರು ಅವರಿಗಾಗಿ ಆ ದಡವನ್ನು ಬಿಟ್ಟುಕೊಡಬೇಕು.

ಇಟ್ಟುಕೊಳ್ಳುವುದೋ ಬಿಡುವುದೋ ಎಂಬುದನ್ನು ಗಾಳ ನೀರಿಗೆ ಬೀಳುವ ಮೊದಲೇ ತೀರ್ಮಾನಿಸಬೇಕು. ಈ ಬರಹದಲ್ಲಿ ಇದಕ್ಕಿಂತ ಮುಖ್ಯವಾದ ಸಲಹೆ ನನ್ನ ಬಳಿ ಬೇರೆ ಇಲ್ಲ. ಎರೆಹುಳು ಅಥವಾ ಹಿಟ್ಟಿನಂಥ ಎರೆಯನ್ನು ಮೀನು ಗಂಟಲಾಳಕ್ಕೆ ನುಂಗುತ್ತದೆ. ಹಾಗೆ ಆಳಕ್ಕೆ ಚುಚ್ಚಿಕೊಂಡ ಮೀನು ಬಿಟ್ಟ ಮೇಲೆ ಬದುಕುವ ಸಾಧ್ಯತೆ, ಕೃತಕ ನೊಣ (ಹುಳುವಿನಂತೆ ಕಾಣಲು ಗರಿ, ದಾರ ಸುತ್ತಿದ ಕೊಕ್ಕೆ) ತುಟಿಗೆ ಸಿಕ್ಕ ಮೀನಿಗಿಂತ ಬಹಳ ಕಡಿಮೆ. ಆದ್ದರಿಂದ ಎರೆ ಹಾಕುವವರು ಇಟ್ಟುಕೊಳ್ಳಲೆಂದೇ ಹಾಕಬೇಕು, ಬೇಕಾದಷ್ಟು ಸಿಕ್ಕಿದ ಕೂಡಲೇ ಗಾಳ ಸುತ್ತಿಡಬೇಕು. ಎರೆ ಹಾಕಿ ಇಡೀ ದಿನ ಹಿಡಿದು ಬಿಡುತ್ತ, ಸಂಜೆ ನಲವತ್ತು ಮೀನು ಬಿಟ್ಟೆನೆಂದು ಹೇಳಿಕೊಳ್ಳುವವನು, ಐದು ಮೀನನ್ನು ಕೊಂದು ಊಟಕ್ಕೆ ಒಯ್ದವನಿಗಿಂತ ಹೆಚ್ಚು ಮೀನುಗಳ ಸಾವಿಗೆ ಕಾರಣನಾಗಿರಬಹುದು. ಬಿಡುವ ಮನಸ್ಸಿದ್ದರೆ ಕೃತಕ ನೊಣವನ್ನೇ ಬಳಸಿ, ಕೊಕ್ಕೆಯ ತುದಿಯಲ್ಲಿರುವ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಿಕೊಳ್ಳಿ. ತೀರ ತೆಳುವಾದ ದಾರದಲ್ಲಿ ಮೀನನ್ನು ಸುಸ್ತಾಗುವವರೆಗೆ ಆಡಿಸದೆ ಬೇಗ ಎಳೆದುಕೊಳ್ಳಿ. ಗಂಟಿಲ್ಲದ ರಬ್ಬರ್ ಬಲೆಯಲ್ಲಿ ನೀರಿನಲ್ಲೇ ಇಟ್ಟು ಕೊಕ್ಕೆ ಬಿಡಿಸಿ. ಮುಟ್ಟಲೇಬೇಕಾದರೆ ಮೊದಲು ಕೈಯನ್ನು ಒದ್ದೆ ಮಾಡಿಕೊಳ್ಳಿ, ಏಕೆಂದರೆ ಒಣ ಕೈ ಮೀನಿನ ಮೈಮೇಲಿನ ಲೋಳೆಯನ್ನು ಕಿತ್ತು ಸೋಂಕಿಗೆ ದಾರಿ ಮಾಡುತ್ತದೆ. ಕೊಕ್ಕೆ ಗಂಟಲಿಗೆ ಇಳಿದಿದ್ದರೆ ಕೆದಕಬಾರದು. ದಾರವನ್ನು ಬಾಯಿಯ ಹತ್ತಿರವೇ ಕತ್ತರಿಸಿ ಬಿಟ್ಟರೆ ಬದುಕುವ ಅವಕಾಶ ಹೆಚ್ಚು.

ಫೋಟೋಕ್ಕಾಗಿ ಮೀನನ್ನು ಮೇಲೆತ್ತಿ ಹಿಡಿಯುವ ಅಭ್ಯಾಸದ ಬಗ್ಗೆ 1992ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಎಲ್ಲರೂ ತಿಳಿದಿರಬೇಕು. ದಣಿಯುವಂತೆ ಈಜಿಸಿದ ರೇನ್‌ಬೋ ಟ್ರೌಟ್‌ಗಳಲ್ಲಿ, ಗಾಳಿಗೆ ಒಡ್ಡದೆ ನೀರಿನಲ್ಲೇ ಬಿಟ್ಟವು ನೂರಕ್ಕೆ 12ರಷ್ಟು ಸತ್ತರೆ, 30 ಸೆಕೆಂಡು ಗಾಳಿಯಲ್ಲಿಟ್ಟವು 38ರಷ್ಟು, 60 ಸೆಕೆಂಡು ಇಟ್ಟವು 72ರಷ್ಟು ಸತ್ತವು. ಪ್ರಯೋಗಾಲಯದ ಈ ಅಂಕಿಗಳನ್ನು ಹಾಗೆಯೇ ಹೊಳೆಗೆ ಅನ್ವಯಿಸಲಾಗದು, ಹೊಳೆಯಲ್ಲಿ ಸಾವು ಇಷ್ಟಿರಲಾರದು. ಆದರೂ ಓಡಿ ಏದುಸಿರು ಬಿಡುತ್ತಿರುವವನ ಮೂಗು ಬಾಯಿ ಮುಚ್ಚಿ ಒಂದು ನಿಮಿಷ ಹಿಡಿದರೆ ಏನಾಗುತ್ತದೋ ಮೀನಿಗೆ ಆಗುವುದೂ ಅದೇ. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ದಾಟಿದ ದಿನ ಹಿಡಿದು ಬಿಡುವ ಮಾತೇ ಬೇಡ. ಬಿಸಿ ನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆ, ಮೀನಿನ ಅಗತ್ಯವಾದರೋ ಹೆಚ್ಚು. ಬಿಟ್ಟಾಗ ಈಜಿ ಹೋದ ಮೀನು ಸಂಜೆಗೆ ಹೊಟ್ಟೆ ಮೇಲಾಗಿ ತೇಲುವುದನ್ನು ನಾವು ನೋಡಿರುವುದಿಲ್ಲ, ಅಷ್ಟೆ. ಹತ್ತಿರ ಒಂದು ಸಣ್ಣ ಉಷ್ಣಮಾಪಕವಿದ್ದರೆ ಈ ನಿರ್ಧಾರಕ್ಕೆ ಊಹೆ ಬೇಕಾಗುವುದಿಲ್ಲ.

ಇಟ್ಟುಕೊಳ್ಳುವ ಮೀನನ್ನು ತಕ್ಷಣ ಕೊಲ್ಲಬೇಕು. ಬಕೆಟ್ಟಿನಲ್ಲಿ ಬಾಯಿ ತೆರೆದು ಮುಚ್ಚುತ್ತ ಸಾಯಲು ಬಿಡುವುದನ್ನು, ಕಿವಿರಿಗೆ ಹಗ್ಗ ಪೋಣಿಸಿ ಗಂಟೆಗಟ್ಟಲೆ ನೀರಿನಲ್ಲಿ ಕಟ್ಟಿಹಾಕುವುದನ್ನು ನನ್ನಿಂದ ಒಪ್ಪಲಾಗುವುದಿಲ್ಲ. ರೇನ್‌ಬೋ ಟ್ರೌಟ್‌ನ ತಲೆಯ ಭಾಗದಲ್ಲಿ ಗಾಯ ಮಾಡುವಂಥ ಪ್ರಚೋದನೆಗೆ ಸ್ಪಂದಿಸುವ ನರತಂತುಗಳಿವೆಯೆಂದು 2003ರಲ್ಲಿ ಬ್ರಿಟನ್ನಿನ ಸಂಶೋಧಕರು ತೋರಿಸಿದರು. ಮೀನು ಅದನ್ನು ನಾವು ಅನುಭವಿಸುವಂತೆಯೇ ಅನುಭವಿಸುತ್ತದೆಯೇ ಎಂಬ ವಾದ ಇನ್ನೂ ನಡೆದಿದೆ. ವಾದ ಮುಗಿಯುವವರೆಗೆ, ಅನುಭವಿಸುತ್ತದೆ ಎಂದೇ ನಡೆದುಕೊಳ್ಳುವುದರಿಂದ ನಮಗೆ ಆಗುವ ನಷ್ಟವೇನೂ ಇಲ್ಲ. ಮೀನನ್ನು ಒದ್ದೆ ಬಟ್ಟೆಯಲ್ಲಿ ಭದ್ರವಾಗಿ ಹಿಡಿದು, ಕಣ್ಣುಗಳ ತುಸು ಹಿಂದೆ ನೆತ್ತಿಯ ಮೇಲೆ ಸಣ್ಣ ಗಟ್ಟಿ ಕೋಲಿನಿಂದ ಅಳುಕದೆ ಹೊಡೆಯಬೇಕು. ಅಳುಕಿ ಮೆಲ್ಲಗೆ ಹೊಡೆಯುವುದು ಕರುಣೆಯಲ್ಲ. ಏಟು ಸರಿಯಾಗಿ ಬಿದ್ದರೆ ಮೈ ಒಮ್ಮೆ ಕಂಪಿಸಿ, ಕಿವಿರಿನ ಮುಚ್ಚಳದ ಚಲನೆ ನಿಲ್ಲುತ್ತದೆ. ನಿಲ್ಲದಿದ್ದರೆ ಇನ್ನೊಂದು ಏಟು ಕೂಡಲೇ ಬೀಳಬೇಕು. ಆ ಬಳಿಕ ಕಿವಿರನ್ನು ಕತ್ತರಿಸಿ ರಕ್ತ ಹರಿಸಿ, ಹೊಟ್ಟೆ ಬಗೆದು, ಮಂಜುಗಡ್ಡೆಯಲ್ಲಿಟ್ಟರೆ ಮಾಂಸ ಕೆಡುವುದಿಲ್ಲ. ಕೊಂದದ್ದನ್ನು ಕೆಡಿಸಿ ಎಸೆಯುವುದು ಮೊದಲ ಅಪಚಾರದ ಮೇಲೆ ಇನ್ನೊಂದು ಅಪಚಾರ.

ದಿನದ ಮಿತಿಯೆಂದರೆ ಅದಕ್ಕಿಂತ ಹೆಚ್ಚು ಹಿಡಿಯಬಾರದೆಂದು ಅರ್ಥವೇ ಹೊರತು ಅಷ್ಟನ್ನು ತುಂಬಿಸಲೇಬೇಕೆಂದಲ್ಲ. ಮನೆಯಲ್ಲಿ ಇಬ್ಬರೇ ಇದ್ದರೆ ಎರಡು ಮೀನು ಸಾಕು. ಬೆಳಿಗ್ಗೆ ಮಿತಿ ಮುಗಿಸಿ ಮನೆಯಲ್ಲಿಟ್ಟು ಮಧ್ಯಾಹ್ನ ಮತ್ತೆ ಬರುವುದು, ಗಾಳವನ್ನೇ ಮುಟ್ಟದ ಮಗುವಿನ ಹೆಸರಿನಲ್ಲಿ ಇನ್ನೊಂದು ಪಾಲು ಲೆಕ್ಕ ಹಾಕುವುದು ಕಳ್ಳತನವೇ. ಚಿಕ್ಕ ಮೀನನ್ನು ಕಟ್ಟಿಟ್ಟುಕೊಂಡು, ದೊಡ್ಡದು ಸಿಕ್ಕಾಗ ಅರೆಜೀವದ ಚಿಕ್ಕದನ್ನು ನೀರಿಗೆ ಎಸೆಯುವುದಂತೂ ಹಲವು ಕಡೆ ಕಾನೂನಿಗೂ ವಿರುದ್ಧ.

ಬಿಟ್ಟ ಮೀನುಗಳ ನಡುವೆ ಆ ಹೊಳೆಯಲ್ಲೇ ಹುಟ್ಟಿದ ಸ್ಥಳೀಯ ಟ್ರೌಟ್ ಇರುವ ಕಡೆ ಇನ್ನೂ ಎಚ್ಚರ ಬೇಕು. ಚೂಪಾದ ಅಂಚಿನ ಪೂರ್ಣ ರೆಕ್ಕೆಗಳು, ಗಾಢವಾದ ಬಣ್ಣ, ಸ್ಪಷ್ಟವಾದ ಚುಕ್ಕೆಗಳು ಅದರ ಗುರುತು. ಕೆಲವು ಕೇಂದ್ರಗಳು ಸಾಕಿದ ಮೀನಿನ ಬಾಲದ ಮುಂದಿನ ಪುಟ್ಟ ಕೊಬ್ಬಿನ ರೆಕ್ಕೆಯನ್ನು ಕತ್ತರಿಸಿ ಬಿಡುವುದರಿಂದ, ಅಂಥ ನೀರಿನಲ್ಲಿ ಆ ರೆಕ್ಕೆ ಇದೆಯೇ ಎಂದು ನೋಡಿದರೆ ಸಾಕು. ಗುರುತು ಹತ್ತದಿದ್ದರೆ ಹೊಳೆಯದೇ ಮೀನೆಂದು ತಿಳಿದು ಬಿಟ್ಟುಬಿಡಿ. ಬ್ರೌನ್ ಟ್ರೌಟ್ ಶರತ್ಕಾಲದಲ್ಲೂ ರೇನ್‌ಬೋ ಹೆಚ್ಚಾಗಿ ವಸಂತದಲ್ಲೂ ಜಲ್ಲಿಯಲ್ಲಿ ಗುಳಿ ತೋಡಿ ಮೊಟ್ಟೆಯಿಡುತ್ತವೆ. ಸುತ್ತಲಿನ ತಳಕ್ಕಿಂತ ತಿಳಿಯಾಗಿ, ತೊಳೆದಿಟ್ಟಂತೆ ಕಾಣುವ ಜಲ್ಲಿಯ ಮೇಲೆ ಆ ಕಾಲದಲ್ಲಿ ಕಾಲಿಡಬಾರದು.

ಹೊರಡುವಾಗ ತುಂಡಾದ ದಾರವನ್ನೂ ಎರೆಯ ಡಬ್ಬಿಯನ್ನೂ, ನಿಮ್ಮದಲ್ಲದಿದ್ದರೂ, ಹೆಕ್ಕಿಕೊಂಡು ಹೋಗಿ. ಟ್ರೌಟ್ ಮರಿಗಳ ಮೃದ್ವಸ್ಥಿಯನ್ನು ತಿಂದು, ಅವು ಬಾಲ ಬೆನ್ನಟ್ಟಿದಂತೆ ಗಿರಗಿರನೆ ಸುತ್ತುವಂತೆ ಮಾಡುವ ರೋಗವೊಂದಿದೆ. ಅದನ್ನು ಉಂಟುಮಾಡುವ ಪರಾವಲಂಬಿಯ ಬೀಜಾಣುಗಳು ಬೂಟಿಗಂಟಿದ ಕೆಸರಿನಲ್ಲೂ ಮೀನಿನ ತಲೆ, ಬೆನ್ನುಮೂಳೆಗಳಲ್ಲೂ ಉಳಿದು ಇನ್ನೊಂದು ಹೊಳೆಗೆ ದಾಟಬಲ್ಲವು. ಆದ್ದರಿಂದ ಮೀನಿನ ತಲೆ, ಮೂಳೆ, ಕರುಳುಗಳನ್ನು ಯಾವ ನೀರಿಗೂ ಎಸೆಯದೆ ಕಸದ ಡಬ್ಬಿಗೆ ಹಾಕಿ, ಬೂಟು ಬಲೆಗಳ ಕೆಸರನ್ನು ದಡದಲ್ಲೇ ಉಜ್ಜಿ ತೊಳೆದು, ಪೂರ್ತಿ ಒಣಗಿದ ಮೇಲಷ್ಟೇ ಬೇರೆ ಹೊಳೆಗೆ ಇಳಿಯಿರಿ. ಜೀವಂತ ಟ್ರೌಟ್ ಒಂದನ್ನು ಬಕೆಟ್ಟಿನಲ್ಲಿ ತುಂಬಿಕೊಂಡು ಹೋಗಿ ಇನ್ನೊಂದು ಕೆರೆಗೆ ಬಿಡುವ ಕೆಲಸವನ್ನು, ಎಷ್ಟೇ ಒಳ್ಳೆಯ ಮನಸ್ಸಿನಿಂದಲಾದರೂ, ಮಾಡಬೇಡಿ.