ಡುಕಾಟಿ 900 ಎಸ್‌ಎಸ್ ಮತ್ತು ಗುಟ್ಸಿ ಲೆ ಮಾನ್ಸ್: ಬಿಚ್ಚಿ ನೋಡಿದ್ದು, ಓಡಿಸಿ ನೋಡಿದ್ದು

ಎರಡೂ ಇಟಲಿಯ ಬೈಕ್‌ಗಳು. ಎರಡರಲ್ಲೂ 90 ಡಿಗ್ರಿಯ ವಿ-ಟ್ವಿನ್ ಇಂಜಿನ್, ಅಂದರೆ ವಿ ಆಕಾರದಲ್ಲಿ ಕೂತ ಎರಡು ಸಿಲಿಂಡರ್. 1975ರಲ್ಲಿ ಬಂದ ಡುಕಾಟಿ 900 ಎಸ್‌ಎಸ್ 864 ಸಿಸಿ, 1976ರ ಮೋಟೊ ಗುಟ್ಸಿ ಲೆ ಮಾನ್ಸ್ 844 ಸಿಸಿ. ಬರೀ ಅಂಕಿ ನೋಡಿದರೆ ಅಣ್ಣತಮ್ಮಂದಿರು ಅನ್ನಬೇಕು. ನಾನು ಬೊಲೊನ್ಯಾದಲ್ಲಿ ಹಳೇ ಬೈಕ್ ರಿಪೇರಿ ಮಾಡುತ್ತೇನೆ, ಎರಡನ್ನೂ ಬಿಚ್ಚಿ ಜೋಡಿಸಿದ್ದೇನೆ. ನನ್ನ ಪ್ರಕಾರ ವ್ಯತ್ಯಾಸವೆಲ್ಲ ಶುರುವಾಗುವುದು ಇಂಜಿನ್ ಯಾವ ದಿಕ್ಕಿಗೆ ಕೂತಿದೆ ಅನ್ನುವುದರಿಂದ.

ಗುಟ್ಸಿಯಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಬೈಕಿನ ಉದ್ದಕ್ಕೆ ಇದೆ. ಸಿಲಿಂಡರ್‌ಗಳು ಎಡಕ್ಕೊಂದು, ಬಲಕ್ಕೊಂದು ಹೊರಗೆ ಚಾಚಿಕೊಂಡಿವೆ. ಟ್ಯಾಪೆಟ್, ಅಂದರೆ ವಾಲ್ವ್ ಗ್ಯಾಪ್, ಸೆಟ್ ಮಾಡಬೇಕಾ? ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕವರ್ ತೆಗೆದರೆ ವಾಲ್ವ್ ಒತ್ತುವ ರಾಕರ್ ಎದುರಿಗೇ ಇರುತ್ತದೆ. ಗ್ಯಾಪ್ ಅಳೆಯುವ ಫೀಲರ್ ಗೇಜ್, ಸ್ಪ್ಯಾನರ್ ಇದ್ದರೆ ಸಾಕು. ಕಾಫಿ ಆರುವಷ್ಟರಲ್ಲಿ ಒಂದು ಬದಿ ಮುಗಿಯುತ್ತದೆ.

ಡುಕಾಟಿ ಬೇರೆಯೇ ಲೋಕ. ಅಲ್ಲಿ ಕ್ರ್ಯಾಂಕ್ ಅಡ್ಡಕ್ಕೆ, ಒಂದು ಸಿಲಿಂಡರ್ ಮುಂದಕ್ಕೆ ಮಲಗಿದೆ, ಇನ್ನೊಂದು ಟ್ಯಾಂಕಿನ ಕೆಳಗೆ ನಿಂತಿದೆ. ಡುಕಾಟಿಯ ಇಂಜಿನಿಯರ್ ಫಾಬಿಯೊ ತಾಲ್ಯೋನಿಯ ಡೆಸ್ಮೊ ಪದ್ಧತಿಯಲ್ಲಿ ವಾಲ್ವ್ ತೆರೆಯುವುದಕ್ಕೊಂದು ರಾಕರ್, ಮುಚ್ಚುವುದಕ್ಕೂ ಒಂದು. ಅಂದರೆ ನಾಲ್ಕು ವಾಲ್ವ್‌ಗೆ ಎಂಟು ಗ್ಯಾಪ್. ಮುಚ್ಚುವ ಕಡೆಯ ಶಿಮ್ (ಗ್ಯಾಪ್ ಸರಿಮಾಡುವ ಪುಟ್ಟ ಲೋಹದ ತುಂಡು) ಹಿಡಿದಿರುವುದು ಎರಡು ಸಣ್ಣ ಅರ್ಧ ಉಂಗುರಗಳು. ಅವನ್ನು ತೆಗೆಯುವ ಮೊದಲು ಪಿಸ್ಟನ್ ಮೇಲಕ್ಕೆ ತಂದಿಡುತ್ತೇನೆ, ಇಲ್ಲದಿದ್ದರೆ ವಾಲ್ವ್ ಒಳಗೆ ಜಾರುತ್ತದೆ. ಎಣ್ಣೆ ಇಳಿಯುವ ತೂತಿಗೆ ಬಟ್ಟೆ ತುರುಕುತ್ತೇನೆ. ಶಿಮ್ ಅಳೆದು, ಉಜ್ಜಿ, ಹಾಕಿ, ಮತ್ತೆ ಅಳೆಯಬೇಕು. ಅವಸರ ಇರುವ ದಿನ ಈ ಕೆಲಸಕ್ಕೆ ಕೈ ಹಾಕಲೇಬಾರದು.

ಓಡಿಸಿ ಹೋಲಿಸಲು ನಾನು ಆರಿಸಿಕೊಂಡದ್ದು ಬೊಲೊನ್ಯಾದಿಂದ ಫ್ಲಾರೆನ್ಸ್ ಕಡೆಗೆ ಹೋಗುವ ಫೂತಾ ಘಾಟಿ. ಡುಕಾಟಿಗೆ ಸೆಲ್ಫ್ ಇಲ್ಲ, ಕಿಕ್ ಹೊಡೆಯಬೇಕು. ಇಂಜಿನ್ ಉದ್ದವಾದ್ದರಿಂದ ವೀಲ್‌ಬೇಸ್, ಅಂದರೆ ಎರಡು ಚಕ್ರಗಳ ನಡುವಿನ ಅಂತರ, 1500 ಮಿ.ಮೀ. ಬಿಗಿ ತಿರುವಿನಲ್ಲಿ ಮೈಬಗ್ಗಿಸಲು ಸ್ವಲ್ಪ ಹಟ ಮಾಡುತ್ತದೆ. ಅಗಲವಾದ, ವೇಗದ ತಿರುವು ಬಂದಾಗ ನೋಡಬೇಕು! ಒಮ್ಮೆ ಹಿಡಿದ ಗೆರೆ ಬಿಡುವುದೇ ಇಲ್ಲ. 1978ರಲ್ಲಿ ರೇಸರ್ ಮೈಕ್ ಹೇಲ್‌ವುಡ್ ಐಲ್ ಆಫ್ ಮ್ಯಾನ್ ದ್ವೀಪದ ರೇಸ್‌ನಲ್ಲಿ ಇದೇ ವಂಶದ ಬೈಕ್‌ನಲ್ಲಿ ಗೆದ್ದದ್ದು ಹೇಗೆ ಅನ್ನುವುದು ಅಲ್ಲಿ ಅರ್ಥವಾಗುತ್ತದೆ.

ಗುಟ್ಸಿಯನ್ನು ನಿಂತಲ್ಲೇ ರೇಸ್ ಮಾಡಿದರೆ ಬೈಕ್ ಬಲಕ್ಕೆ ವಾಲುತ್ತದೆ. ಹಿಂದಿನ ಚಕ್ರ ತಿರುಗಿಸಲು ಚೈನ್ ಬದಲು ಶಾಫ್ಟ್, ಹಾಗಾಗಿ ಆಕ್ಸಿಲರೇಟರ್ ಕೊಟ್ಟರೆ ಹಿಂಭಾಗ ಎದ್ದೇಳುತ್ತದೆ. ತಿರುವಿನ ಮಧ್ಯದಲ್ಲಿ ಸುಮ್ನೆ ಆಕ್ಸಿಲರೇಟರ್ ಬಿಡಬಾರದು, ತಟ್ಟನೆ ಕೂರುತ್ತದೆ. ಬ್ರೇಕ್ ಮಾತ್ರ ನನಗೆ ತುಂಬಾ ಇಷ್ಟ. ಕಾಲಿನ ಪೆಡಲ್ ಒತ್ತಿದರೆ ಹಿಂದಿನ ಡಿಸ್ಕ್ ಜೊತೆ ಮುಂದಿನದೊಂದೂ ಹಿಡಿಯುತ್ತದೆ. ಒದ್ದೆ ರಸ್ತೆಯಲ್ಲಿ ಇಳಿಯುವಾಗ ಇದರಷ್ಟು ಧೈರ್ಯ ಡುಕಾಟಿ ಕೊಡಲಿಲ್ಲ.

ದಿನಾ ಓಡಿಸಬೇಕು, ರಿಪೇರಿ ನಾನೇ ಮಾಡಿಕೊಳ್ಳಬೇಕು ಅನ್ನುವವರಿಗೆ ನಾನು ಹೇಳುವುದು ಗುಟ್ಸಿ. ಕೊಳ್ಳುವ ಮೊದಲು ಸಿಲಿಂಡರ್ ಒಳಗಿನ ಕ್ರೋಮ್ ಲೇಪ ಏಳುತ್ತಿದೆಯಾ ನೋಡಿ, ಮೊದಲ ಲೆ ಮಾನ್ಸ್‌ಗಳಲ್ಲಿ ಆ ತೊಂದರೆ ಜಾಸ್ತಿ. ಮನಸ್ಸು ಡುಕಾಟಿಯ ಮೇಲೇ ಇದ್ದರೆ ವಾಲ್ವ್‌ಗಳನ್ನು ನಡೆಸುವ ಬೆವೆಲ್ ಗೇರ್‌ಗಳ ಸದ್ದನ್ನು ಕಿವಿಗೊಟ್ಟು ಕೇಳಿ, ಕ್ರ್ಯಾಂಕಿನ ಬಿಗ್ ಎಂಡ್ ಬೇರಿಂಗ್ ಯಾವಾಗ ಬದಲಾಯಿಸಿದ್ದು ಅಂತ ವಿಚಾರಿಸಿ. ಕ್ರ್ಯಾಂಕ್ ಬಿಚ್ಚಿಸುವ ಖರ್ಚನ್ನೂ ಸೇರಿಸಿಯೇ ಬೆಲೆ ಮಾತಾಡಿ.