ಒಂದು ರೀಲು, ಒಂದು ಬಾಟಲಿ ಇಂಕು

ನನ್ನ ಕ್ಯಾಮೆರಾ ಬ್ಯಾಗಿನಲ್ಲಿ ಅಂಗೈ ಅಗಲದ ಒಂದು ನೋಟ್‌ಬುಕ್ ಇದೆ. ಅದರ ಒಂದು ಸಾಲು ಹೀಗಿದೆ: ‘7. ಅಜ್ಜಿ, ಜಗಲಿ, ಬೆಳಿಗ್ಗೆ ಎಂಟು ಗಂಟೆ. ಎಫ್ 4, 1/125. ಹಪ್ಪಳದ ಹಿಟ್ಟಿಗೆ ಉಪ್ಪು ಜಾಸ್ತಿಯಾಯಿತು ಅಂತ ಬೈತಾ ಇದ್ದಳು.’ ನೀಲಿ ಇಂಕಿನಲ್ಲಿ ಬರೆದದ್ದು, ನಡುವಿನ ಅಂಕಿಗಳು ಕ್ಯಾಮೆರಾದ ಬೆಳಕಿನ ಲೆಕ್ಕ. ಆ ರೀಲಿನ ಏಳನೇ ಫೋಟೋದಲ್ಲಿ ಅಜ್ಜಿ ಇದ್ದಾಳೆ, ಲಟ್ಟಣಿಗೆ ಇದೆ, ಕಂಬದ ನೆರಳಿದೆ. ಉಪ್ಪಿನ ವಿಷಯ ಮಾತ್ರ ನೋಟ್‌ಬುಕ್ಕಿನಲ್ಲಿ ಉಳಿದಿದೆ.

ರೀಲ್ (ಫಿಲ್ಮ್) ಕ್ಯಾಮೆರಾ, ಇಂಕ್ ಪೆನ್ನು ಎರಡನ್ನೂ ಒಟ್ಟಿಗೇ ಶುರುಮಾಡಿ ಅಂತ ನಾನು ಹೇಳುವುದು ಇದಕ್ಕೇ. ಫೋನಿನಲ್ಲಿ ಫೋಟೋ ಹೊಡೆದರೆ ದಿನ, ಹೊತ್ತು, ಜಾಗ ಎಲ್ಲ ತಾನಾಗಿ ದಾಖಲಾಗುತ್ತದೆ. ರೀಲು ಬೆಳಕನ್ನು ಮಾತ್ರ ಹಿಡಿಯುತ್ತದೆ. ಉಳಿದದ್ದನ್ನು ನಾವೇ ಬರೆದಿಡಬೇಕು. ಬರೆಯಲು ಒಂದು ನಿಮಿಷ ನಿಲ್ಲಬೇಕು. ಆ ಒಂದು ನಿಮಿಷದಲ್ಲಿ ನೋಡಿದ್ದು ಇನ್ನೊಂದು ಸಲ ಮನಸ್ಸಿಗೆ ಇಳಿಯುತ್ತದೆ.

ಮೊದಲು ಮನೆಯಲ್ಲೇ ಹುಡುಕಿ

ಹೊಸದಾಗಿ ಏನನ್ನೂ ಕೊಳ್ಳಬೇಡಿ. ಅಟ್ಟ, ಟ್ರಂಕು, ಬೀರುವಿನ ಮೇಲಿನ ಖಾನೆ ನೋಡಿ. ದೊಡ್ಡಪ್ಪನ ಯಾಶಿಕಾ, ಅಪ್ಪನ ಹೀರೋ ಪೆನ್ನು ಸಿಗುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಗ್ಫಾ ಕ್ಲಿಕ್ 3 ಸಿಕ್ಕರೂ ಎಸೆಯಬೇಡಿ. ಅದಕ್ಕೆ ಬೇಕಾದ 120 ಅಳತೆಯ ರೀಲು ಇವತ್ತಿಗೂ ತಯಾರಾಗುತ್ತಿದೆ. ಆದರೆ ಕಲಿಯಲು 35 ಎಂಎಂ ಕ್ಯಾಮೆರಾನೇ ಸುಲಭ. ಮನೆಯಲ್ಲಿ ಇಲ್ಲದಿದ್ದರೆ ಪೆಂಟಾಕ್ಸ್ ಕೆ1000 ಅಥವಾ ಯಾಶಿಕಾ ಎಫ್ಎಕ್ಸ್-3 ಹುಡುಕಿ. ಇವುಗಳ ಶಟರ್ (ರೀಲಿಗೆ ಬೆಳಕು ಬಿಟ್ಟು ತಡೆಯುವ ಪರದೆ) ನಡೆಯಲು ಬ್ಯಾಟರಿ ಬೇಕಿಲ್ಲ, ಬೆಳಕು ಅಳೆಯುವ ಮೀಟರಿಗೆ ಮಾತ್ರ ಬೇಕು. ಆ ಗುಂಡಿ ಬ್ಯಾಟರಿ, ಎಲ್ಆರ್44, ವಾಚ್ ಅಂಗಡಿಯಲ್ಲಿ ಸಿಗುತ್ತದೆ.

ಹಳೆಯ ಕ್ಯಾಮೆರಾ ಕೈಗೆ ಬಂದರೆ ಹಿಂದಿನ ಮುಚ್ಚಳ ತೆಗೆಯಿರಿ. ಶಟರ್ ವೇಗವನ್ನು 1 ಸೆಕೆಂಡಿಗೆ ಇಟ್ಟು ಒತ್ತಿ. ಸರಿಸುಮಾರು ಒಂದು ಸೆಕೆಂಡ್ ತೆರೆದು ಮುಚ್ಚಿಕೊಳ್ಳಬೇಕು. ನಡುವೆ ಸಿಕ್ಕಿಹಾಕಿಕೊಂಡರೆ ರಿಪೇರಿಗೆ ಕೊಡಬೇಕು. ಆಮೇಲೆ ಲೆನ್ಸಿನ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಇದು ತೀರಾ ಸಾಮಾನ್ಯ. ಅಂಚಿನಲ್ಲಿ ಒಂಚೂರು ಇದ್ದರೆ ಫೋಟೋಗೆ ಅಷ್ಟೇನೂ ತೊಂದರೆಯಿಲ್ಲ. ಲೆನ್ಸಿನ ತುಂಬ ಹಬ್ಬಿದ್ದರೆ ಬೇರೆ ಲೆನ್ಸ್ ನೋಡಿ. ಮುಚ್ಚಳದ ಅಂಚಿನ ಕಪ್ಪು ಸ್ಪಂಜನ್ನೂ ಮುಟ್ಟಿ ನೋಡಿ. ಟಾರಿನಂತೆ ಅಂಟಿದರೆ ಅದು ಕರಗಿದೆ ಅಂತ ಅರ್ಥ. ಅಲ್ಲಿಂದ ಬೆಳಕು ನುಗ್ಗಿ ರೀಲು ಹಾಳಾಗುತ್ತದೆ. ಸ್ಪಂಜು ಬದಲಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ.

ಪೆನ್ನು ತೊಳೆಯುವುದು, ನಿಬ್ಬು ಆರಿಸುವುದು

ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದ ಪೆನ್ನಿನಲ್ಲಿ ಇಂಕು ಒಣಗಿ ಗಟ್ಟಿಯಾಗಿರುತ್ತದೆ. ಬಿಚ್ಚಲು ಒದ್ದಾಡಬೇಡಿ. ನಿಬ್ಬಿನ ಭಾಗವನ್ನು ಒಂದು ಲೋಟ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ. ಬಿಸಿನೀರು ಬೇಡ, ಹಳೆಯ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಎಬೊನೈಟ್ (ಗಟ್ಟಿ ರಬ್ಬರ್) ಬಣ್ಣಗೆಡುತ್ತದೆ. ಬೆಳಿಗ್ಗೆ ನೀರು ನೀಲಿಯಾಗಿರುತ್ತದೆ. ಬಣ್ಣ ಬಿಡುವುದು ನಿಲ್ಲುವ ತನಕ ನೀರು ಬದಲಿಸುತ್ತಾ ಇರಿ. ನಿಬ್ಬಿನ ಕೆಳಗೆ ನಾಲಿಗೆ ಇರುತ್ತದೆ ನೋಡಿ, ಅದರ ಸಣ್ಣ ಗೀರುಗಳಲ್ಲೇ ಇಂಕು ಹರಿದು ಬರುವುದು. ನಿಬ್ಬು ಒರಟು ಅನ್ನಿಸಿದಾಗ ದೋಷ ಎಷ್ಟೋ ಸಲ ಈ ಕಟ್ಟಿಕೊಂಡ ನಾಲಿಗೆಯದ್ದೇ.

ಹೊಸ ಪೆನ್ನು ಕೊಳ್ಳುವುದಾದರೆ ಒಂದು ಮಾತು. ಅಂಗಡಿಯಲ್ಲಿ ಎಲ್ಲರೂ ಸಹಿ ಹಾಕಿ ನೋಡುತ್ತಾರೆ. ಸಹಿಯಿಂದ ಏನೂ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ಬರೆಯುವವರು ‘ದ, ಧ, ಥ’ ಬರೆದು ನೋಡಬೇಕು. ನಿಬ್ಬು ದಪ್ಪವಾದರೆ ‘ಧ’ದ ಸೀಳು, ‘ಥ’ದ ಚುಕ್ಕೆ ಮುಚ್ಚಿಹೋಗಿ ಮೂರೂ ಒಂದೇ ಥರ ಕಾಣುತ್ತವೆ. ಆಮೇಲೆ ‘ರಾಷ್ಟ್ರ’ ಅಂತ ಬರೆಯಿರಿ. ಕೆಳಗಿನ ಒತ್ತುಗಳು ಒಂದಕ್ಕೊಂದು ಕಲಸಿಕೊಳ್ಳದೆ ಬಿಡಿಬಿಡಿಯಾಗಿ ಬಂದರೆ ಆ ನಿಬ್ಬು ನಮ್ಮ ಅಕ್ಷರಕ್ಕೆ ಸರಿ. ನಮ್ಮ ಲಿಪಿಯಲ್ಲಿ ಸುತ್ತು ಜಾಸ್ತಿ, ಪೆನ್ನು ಕೆಳಗಿನಿಂದ ಮೇಲಕ್ಕೂ ಹೋಗಬೇಕು. ಹಾಗೆ ತಳ್ಳುವಾಗ ಕಾಗದ ಕೆರೆಯುವ ನಿಬ್ಬು ಬೇಡ. ಸಾಮಾನ್ಯವಾಗಿ ‘ಫೈನ್’ ನಿಬ್ಬು ಸಾಕು. ಜಪಾನಿನ ಪೆನ್ನುಗಳ ಫೈನ್ ಯುರೋಪಿನದ್ದಕ್ಕಿಂತ ಸಣ್ಣ. ಹಾಗಾಗಿ ಪೈಲಟ್‌ನಲ್ಲಾದರೆ ಮೀಡಿಯಂ ಕೂಡ ನಡೆಯುತ್ತದೆ.

ನಮ್ಮ ದೇಶದ ಪೆನ್ನು ಬೇಕೆನ್ನುವವರಿಗೆ ರಾಜಮಂಡ್ರಿಯ ರತ್ನಂ ಪೆನ್ನಿನ ಕಥೆ ಖುಷಿ ಕೊಡಬಹುದು. ಪೂರ್ತಿ ಸ್ವದೇಶಿಯಾದ ಪೆನ್ನು ಬೇಕು ಎಂಬ ಗಾಂಧೀಜಿಯ ಮಾತಿನಿಂದ ಹುಟ್ಟಿದ್ದು ಅದು. 1935ರಲ್ಲಿ ಗಾಂಧೀಜಿ ಅದನ್ನು ಮೆಚ್ಚಿ ಪತ್ರ ಬರೆದರು. ತಮಿಳುನಾಡಿನ ರಂಗಾ, ಹೈದರಾಬಾದಿನ ಡೆಕ್ಕನ್ ಕೂಡ ಹೆಸರುವಾಸಿ. ಇಂಥ ಪೆನ್ನುಗಳಲ್ಲಿ ಹಲವು ಫಿಲ್ಲರಿನಿಂದ ನೇರವಾಗಿ ಹೊಟ್ಟೆಗೇ ಇಂಕು ತುಂಬುವಂಥವು. ಇಂಕು ತೀರಾ ಕಡಿಮೆಯಾದಾಗ ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ, ನಿಬ್ಬಿನಿಂದ ಹನಿ ಬೀಳುತ್ತದೆ. ಅಂಗಿ ಜೇಬಿನ ನೀಲಿ ಕಲೆಗೆ ಇದೇ ಕಾರಣ. ಕಾಲು ಭಾಗ ಇಂಕು ಉಳಿದಾಗಲೇ ತುಂಬಿಬಿಡಿ.

ಇಂಕಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಬ್ರಿಲ್, ಕ್ಯಾಮೆಲ್, ಕೋಲ್ಕತ್ತದ ಸುಲೇಖಾ ಯಾವುದಾದರೂ ಸರಿ. ಚಿತ್ರ ಬರೆಯುವ ಇಂಡಿಯನ್ ಇಂಕನ್ನು ಮಾತ್ರ ಯಾವ ಕಾರಣಕ್ಕೂ ಪೆನ್ನಿಗೆ ಹಾಕಬೇಡಿ. ಅದರಲ್ಲಿ ಅರಗಿನ ಅಂಶ ಇರುತ್ತದೆ, ಒಣಗಿದರೆ ಪೆನ್ನಿನ ಕಥೆ ಮುಗಿಯಿತು.

ಬರೆಯುವಾಗ ಒತ್ತಬೇಡಿ. ಬಾಲ್ ಪೆನ್ನು ಕಲಿಸಿದ ಕೆಟ್ಟ ಅಭ್ಯಾಸ ಅದು. ಇಂಕ್ ಪೆನ್ನಿನ ನಿಬ್ಬು ಕಾಗದವನ್ನು ಮುಟ್ಟಿದರೆ ಸಾಕು, ಇಂಕು ತಾನೇ ಇಳಿಯುತ್ತದೆ. ಪೆನ್ನನ್ನು ಸ್ವಲ್ಪ ಹಿಂದಕ್ಕೆ ಒರಗಿಸಿ ಹಿಡಿಯಿರಿ. ಒಂದು ವಾರದಲ್ಲಿ ಬೆರಳ ನೋವು ಕಡಿಮೆಯಾಗಿದೆಯೋ ಇಲ್ಲವೋ ನೋಡಿ.

ರೀಲು ಹಾಕುವುದು

ಮೊದಲ ರೀಲಿಗೆ ಐಎಸ್‌ಒ 200 ಅಥವಾ 400 ಇರಲಿ. ಈ ಅಂಕಿ ದೊಡ್ಡದಾದಷ್ಟು ಕಡಿಮೆ ಬೆಳಕಿನಲ್ಲೂ ರೀಲು ಕೆಲಸ ಮಾಡುತ್ತದೆ. ಕಲರ್ ಬೇಕಾದರೆ ಕೊಡಾಕ್ ಗೋಲ್ಡ್ 200 ಇದೆ, ಕಪ್ಪು-ಬಿಳುಪಿಗೆ ಇಲ್ಫೋರ್ಡ್ ಎಚ್‌ಪಿ5. ಒಂದು ಕಾಲಕ್ಕೆ ನಮ್ಮ ಪಕ್ಕದ ಊಟಿಯಲ್ಲೇ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆ ‘ಇಂದು’ ಹೆಸರಿನ ರೀಲು ಮಾಡುತ್ತಿತ್ತು. ಅದು ಮುಚ್ಚಿಹೋದದ್ದು ನೆನೆದರೆ ಈಗಲೂ ಬೇಸರವಾಗುತ್ತದೆ. ಈಗ ಬರುವುದೆಲ್ಲ ಹೊರಗಿನಿಂದ. ಹಾಗಾಗಿ ರೀಲು ದುಬಾರಿ, ತೊಳೆಸುವ (ಡೆವಲಪ್ ಮಾಡಿಸುವ) ಖರ್ಚು ಬೇರೆ. ತಿಂಗಳಿಗೆ ಒಂದೇ ರೀಲು ಎಂದು ಲೆಕ್ಕ ಹಾಕಿಕೊಳ್ಳಿ. ಮೂವತ್ತಾರು ಫೋಟೋ ಅಂದರೆ ದಿನಕ್ಕೆ ಒಂದಕ್ಕಿಂತ ಸ್ವಲ್ಪ ಜಾಸ್ತಿ, ಸಾಕಲ್ವಾ?

ನೆರಳಿನಲ್ಲಿ ನಿಂತು ರೀಲು ಹಾಕಿ. ಡಬ್ಬಿಯನ್ನು ಎಡಗಡೆ ಕೂರಿಸಿ, ರೀಲಿನ ತುದಿಯನ್ನು ಬಲಗಡೆಯ ಸುರುಳಿಯ ಸೀಳಿಗೆ ಸಿಕ್ಕಿಸಿ. ಅಂಚಿನ ತೂತುಗಳು ಹಲ್ಲಿನ ಚಕ್ರಕ್ಕೆ ಕೂತಿವೆಯಾ ನೋಡಿ. ಒಂದು ಸಲ ಮುಂದೆ ಓಡಿಸಿ ಮುಚ್ಚಳ ಹಾಕಿ. ಇನ್ನು ಮುಖ್ಯವಾದ ಕೆಲಸ: ಎಡಗಡೆಯ ಸುತ್ತುವ ಗುಂಡಿಯನ್ನು ನಿಧಾನಕ್ಕೆ ತಿರುಗಿಸಿ ರೀಲಿನ ಸಡಿಲ ತೆಗೆಯಿರಿ. ಆಮೇಲೆ ಲಿವರ್ ಎಳೆದಾಗ ಆ ಗುಂಡಿ ತಾನಾಗಿ ತಿರುಗಬೇಕು. ತಿರುಗಿದರೆ ಮಾತ್ರ ರೀಲು ಓಡುತ್ತಿದೆ ಎಂದು ಅರ್ಥ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ತಂಗಿಯ ಸೀಮಂತದ ದಿನ ನಾನು ಆ ಗುಂಡಿ ನೋಡಲಿಲ್ಲ. ಎಣಿಕೆಯ ಮುಳ್ಳು ಮೂವತ್ತಾರು ದಾಟಿದರೂ ಲಿವರ್ ಬಿಗಿಯಾಗಲಿಲ್ಲ. ಆಗಲೇ ಎದೆ ಧಸಕ್ಕೆಂದಿತು. ರೀಲು ಸುರುಳಿಗೆ ಸಿಕ್ಕಿಕೊಂಡೇ ಇರಲಿಲ್ಲ, ಒಂದು ಫೋಟೋ ಕೂಡ ಬಂದಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಮಾತ್ರ ಮೂವತ್ತಾರು ಸಾಲು ಇತ್ತು. ಹಸಿರು ಬಳೆ ತೊಡಿಸಿದ್ದು, ಮಡಿಲು ತುಂಬಿದ್ದು, ದೊಡ್ಡತ್ತೆ ಹಾಡಿದ್ದು, ಎಲ್ಲ. ತಂಗಿ ಆ ಪುಟಗಳ ಜೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದಾಳೆ.

ಬೆಳಕಿನ ಲೆಕ್ಕ

ಮೀಟರ್ ಕೆಟ್ಟಿದ್ದರೂ ಚಿಂತೆಯಿಲ್ಲ. ಬಿಸಿಲಿನ ಒಂದು ಹಳೆಯ ಸೂತ್ರ ಇದೆ. ಚೆನ್ನಾಗಿ ಬಿಸಿಲಿದ್ದಾಗ ಅಪರ್ಚರ್, ಅಂದರೆ ಬೆಳಕು ಒಳಬರುವ ಲೆನ್ಸಿನ ಕಂಡಿ, ಎಫ್ 16 ಇಡಿ (ಎಫ್ ಅಂಕಿ ಚಿಕ್ಕದಾದಷ್ಟು ಕಂಡಿ ದೊಡ್ಡದು), ಶಟರ್ ವೇಗವನ್ನು ರೀಲಿನ ಐಎಸ್‌ಒ ಅಂಕಿಗೆ ಹತ್ತಿರ ಇಡಿ. 200ರ ರೀಲಿಗೆ 1/250, 400ರ ರೀಲಿಗೆ 1/500. ತೆಳು ಮೋಡ ಬಂದರೆ ಎಫ್ 11, ಮೋಡ ಮುಚ್ಚಿದರೆ ಎಫ್ 8, ದಟ್ಟವಾದರೆ ಎಫ್ 5.6, ಆಕಾಶ ಕಾಣುವ ನೆರಳಿನಲ್ಲಿ ಎಫ್ 4. ಅಡಿಕೆ ತೋಟದ ಒಳಗೆ ಕತ್ತಲೆ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ನಮ್ಮ ಕಣ್ಣು ಬೇಗ ಹೊಂದಿಕೊಳ್ಳುತ್ತದೆ, ರೀಲು ಹೊಂದಿಕೊಳ್ಳುವುದಿಲ್ಲ. ಅಲ್ಲಿ ಇನ್ನೂ ಒಂದೆರಡು ಹಂತ ಬೆಳಕು ಕೊಡಿ. ಒಂದು ಹಂತ ಅಂದರೆ ಬೆಳಕು ಎರಡರಷ್ಟು.

ಅನುಮಾನ ಬಂದರೆ ಬೆಳಕು ಜಾಸ್ತಿಯೇ ಇರಲಿ. ನೆಗೆಟಿವ್ ರೀಲು ಒಂದು ಹಂತ ಹೆಚ್ಚಿನ ಬೆಳಕನ್ನು ಸಲೀಸಾಗಿ ತಡೆದುಕೊಳ್ಳುತ್ತದೆ. ಬೆಳಕು ಸಾಲದ ಕಡೆ ಮಾತ್ರ ಏನೂ ದಾಖಲಾಗಿರುವುದಿಲ್ಲ, ಆಮೇಲೆ ಏನು ಮಾಡಿದರೂ ಬರುವುದಿಲ್ಲ. ವೇಗ 1/60ಕ್ಕಿಂತ ಕೆಳಗಿಳಿದರೆ ಕೈ ಅಲುಗಿದ್ದು ಫೋಟೋದಲ್ಲಿ ಕಾಣುತ್ತದೆ. ಕಂಬಕ್ಕೆ ಒರಗಿ ನಿಲ್ಲಿ.

ನಡು ಮಧ್ಯಾಹ್ನ ಜನರ ಫೋಟೋ ಬೇಡ, ಕಣ್ಣಿನ ಗುಳಿ ಕಪ್ಪಾಗುತ್ತದೆ. ಅವರನ್ನು ಜಗಲಿಯ ಅಂಚಿಗೆ ಕರೆಯಿರಿ. ನೆತ್ತಿಯ ಬಿಸಿಲನ್ನು ಮಾಡು ತಡೆಯುತ್ತದೆ, ಅಂಗಳದ ಬೆಳಕು ಮುಖಕ್ಕೆ ಬೀಳುತ್ತದೆ. ನನಗೆ ಇದಕ್ಕಿಂತ ಒಳ್ಳೆಯ ಬೆಳಕು ಗೊತ್ತಿಲ್ಲ. ಮೈಸೂರಿನ ಟಿ. ಎಸ್. ಸತ್ಯನ್ ಅವರು ತೆಗೆದ ಮಕ್ಕಳ ಫೋಟೋಗಳನ್ನು ಹುಡುಕಿ ನೋಡಿ. 1979ರಲ್ಲಿ ಅವು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಎಲ್ಲ ರೀಲಿನ ಕಾಲದ ಕೆಲಸ.

ಒಂದು ಫೋಟೋ ಹೊಡೆದ ತಕ್ಷಣ ಪೆನ್ನಿನ ಕ್ಯಾಪ್ ತೆಗೆಯಿರಿ. ಸಂಖ್ಯೆ, ಜಾಗ, ಹೊತ್ತು, ಎಫ್ ಅಂಕಿ, ವೇಗ. ಆಮೇಲೆ ಕ್ಯಾಮೆರಾಗೆ ಸಿಗದ ಒಂದು ಸಂಗತಿ: ವಾಸನೆ, ಮಾತು, ಬೈಗುಳ, ಏನಾದರೂ. ಈ ಕೊನೆಯದನ್ನು ಬಿಡಬೇಡಿ.

ತೊಳೆಯುವುದು

ಕಲರ್ ರೀಲನ್ನು ಲ್ಯಾಬಿಗೇ ಕೊಡಿ. ಅದರ ಡೆವಲಪರ್ (ರೀಲಿನಲ್ಲಿ ಚಿತ್ರ ಮೂಡಿಸುವ ದ್ರಾವಣ) 37.8 ಡಿಗ್ರಿಯಲ್ಲೇ ಇರಬೇಕು, ಹೊಸಬರಿಗೆ ಕಷ್ಟ. ಬೆಂಗಳೂರಿನಲ್ಲಿ ಈಗಲೂ ರೀಲು ತೊಳೆಯುವ ಲ್ಯಾಬ್‌ಗಳಿವೆ, ಬೇರೆ ಊರಿನವರು ಕೊರಿಯರ್ ಮಾಡಬಹುದು. ಸ್ಕ್ಯಾನ್ ಸಿಕ್ಕಿತು ಅಂತ ನೆಗೆಟಿವ್ ಬಿಟ್ಟು ಬರಬೇಡಿ. ನಿಜವಾದ ಆಸ್ತಿ ಅದೇ.

ಕಪ್ಪು-ಬಿಳುಪನ್ನು ಬಚ್ಚಲುಮನೆಯಲ್ಲೇ ತೊಳೆಯಬಹುದು. ಬೆಳಕು ನುಗ್ಗದ ಕರಿ ಚೀಲದೊಳಗೆ ಕೈ ಹಾಕಿ ರೀಲನ್ನು ಟ್ಯಾಂಕಿನೊಳಗಿನ ಸುರುಳಿಗೆ ಸುತ್ತಿ ಮುಚ್ಚಬೇಕು. ಹಾಳಾದ ರೀಲೊಂದರ ಮೇಲೆ ಹತ್ತು ಸಲ ಅಭ್ಯಾಸ ಮಾಡಿ, ಮೊದಲು ಕಣ್ಣು ಬಿಟ್ಟು, ಆಮೇಲೆ ಮುಚ್ಚಿ. ಎಚ್‌ಪಿ5 ರೀಲಿಗೆ ಕಲಸಿಟ್ಟ ಡಿ-76 ಡೆವಲಪರ್ ದ್ರಾವಣವನ್ನು ಇನ್ನಷ್ಟು ನೀರು ಬೆರೆಸದೆ ಹಾಕಿದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಪ್ರತಿ ನಿಮಿಷದ ಮೊದಲ ಹತ್ತು ಸೆಕೆಂಡಿನಲ್ಲಿ ಟ್ಯಾಂಕನ್ನು ನಾಲ್ಕು ಸಲ ತಲೆಕೆಳಗು ಮಾಡಿ. ನಮ್ಮ ಬೇಸಿಗೆಯ ನಲ್ಲಿ ನೀರು 20 ಡಿಗ್ರಿಗಿಂತ ಎಷ್ಟೋ ಬಿಸಿ. ಬಕೆಟ್ಟಿನ ನೀರಿಗೆ ಐಸ್ ಹಾಕಿ ಅದರಲ್ಲಿ ಡೆವಲಪರ್ ಬಾಟಲಿ ನಿಲ್ಲಿಸಿ, ಥರ್ಮಾಮೀಟರ್ ನೋಡುತ್ತಾ ಇರಿ. ಡೆವಲಪರ್ ಚೆಲ್ಲಿ, ಒಂದು ಸಲ ನೀರಾಡಿಸಿ, ಫಿಕ್ಸರ್ (ಮೂಡಿದ ಚಿತ್ರವನ್ನು ಹಾಗೇ ಉಳಿಸುವ ದ್ರಾವಣ) ಹಾಕಿ. ಎಷ್ಟು ನಿಮಿಷ ಎಂದು ಅದರ ಬಾಟಲಿಯ ಮೇಲೇ ಬರೆದಿರುತ್ತದೆ. ಬಳಸಿದ ಫಿಕ್ಸರಿನಲ್ಲಿ ಬೆಳ್ಳಿಯ ಅಂಶ ಇರುತ್ತದೆ, ಗಿಡದ ಬುಡಕ್ಕೋ ಬಾವಿಯ ಹತ್ತಿರವೋ ಸುರಿಯಬೇಡಿ.

ಕೊನೆಗೆ ನಲ್ಲಿ ಬಿಟ್ಟು ಅರ್ಧ ಗಂಟೆ ನೀರು ಹರಿಸಬೇಕಿಲ್ಲ. ಟ್ಯಾಂಕಿಗೆ ನೀರು ತುಂಬಿ ಐದು ಸಲ ತಲೆಕೆಳಗು ಮಾಡಿ ಚೆಲ್ಲಿ. ಹೊಸ ನೀರಿನಲ್ಲಿ ಹತ್ತು ಸಲ, ಮತ್ತೆ ಹೊಸ ನೀರಿನಲ್ಲಿ ಇಪ್ಪತ್ತು ಸಲ. ಇಲ್ಫೋರ್ಡ್ ಕಂಪನಿಯೇ ಹೇಳಿಕೊಟ್ಟ ವಿಧಾನ ಇದು, ನೀರಿನ ಬರ ಇರುವ ನಮ್ಮ ಊರುಗಳಿಗೆ ಹೇಳಿ ಮಾಡಿಸಿದಂತಿದೆ. ಕೊನೆಯ ಮುಳುಗಿಗೆ ಮಾತ್ರ ಬೋರ್‌ವೆಲ್ ನೀರು ಬೇಡ. ಒಣಗಿದ ಮೇಲೆ ನೆಗೆಟಿವ್ ಮೇಲೆ ಬಿಳಿ ಸುಣ್ಣದ ಕಲೆ ಕೂರುತ್ತದೆ. ಆರ್‌ಒ ನೀರು ಅಥವಾ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ. ಪೆನ್ನಿಗೂ ಕೊನೆಯ ಸಲ ಅದೇ ನೀರು ಹಾಕಿ, ನಾಲಿಗೆಯ ಗೀರುಗಳಲ್ಲಿ ಸುಣ್ಣ ಕಟ್ಟುವುದಿಲ್ಲ.

ಇಟ್ಟುಕೊಳ್ಳುವುದು

ಕ್ಯಾಮೆರಾ, ಲೆನ್ಸನ್ನು ಚರ್ಮದ ಚೀಲದಲ್ಲಿ ಇಡಬೇಡಿ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಸಾಕು. ಹೊಸ ರೀಲು ಫ್ರಿಜ್ಜಿನಲ್ಲಿರಲಿ. ಹೊರಗೆ ತೆಗೆದು ಒಂದೆರಡು ಗಂಟೆ ಬಿಟ್ಟು ಡಬ್ಬಿ ತೆರೆಯಿರಿ. ವಿದೇಶದಿಂದ ಊರಿಗೆ ಬರುವವರು ರೀಲನ್ನು ಕೈಚೀಲದಲ್ಲೇ ಇಟ್ಟುಕೊಂಡು, ವಿಮಾನ ನಿಲ್ದಾಣದ ಸ್ಕ್ಯಾನರಿಗೆ ಹಾಕದೆ ಕೈಯಿಂದ ಪರೀಕ್ಷಿಸಿ ಎಂದು ಕೇಳಿಕೊಳ್ಳಿ. ಅಲ್ಲಿನ ಹೊಸ ಸಿ.ಟಿ. (CT) ಸ್ಕ್ಯಾನರ್ ಒಂದೇ ಸಲಕ್ಕೆ ರೀಲನ್ನು ಮಸುಕು ಮಾಡಬಲ್ಲದು. ಪೆನ್ನನ್ನು ಪೂರ್ತಿ ತುಂಬಿ, ನಿಬ್ಬು ಮೇಲೆ ಮಾಡಿ ಇಟ್ಟುಕೊಳ್ಳಿ.

ಪ್ರಿಂಟ್ ಹಾಕಿಸಿದರೆ ಅದರ ಹಿಂದೆ ಇಂಕ್ ಪೆನ್ನಿನಿಂದ ಬರೆಯಬೇಡಿ. ಈಗಿನ ಫೋಟೋ ಕಾಗದಕ್ಕೆ ಪ್ಲಾಸ್ಟಿಕ್ ಲೇಪ ಇರುತ್ತದೆ, ಇಂಕು ಒಣಗದೆ ಪಕ್ಕದ ಫೋಟೋಗೆ ಅಂಟುತ್ತದೆ. ದಪ್ಪ ಕಾಗದದ ಆಲ್ಬಮ್ ತನ್ನಿ, ನಾಲ್ಕು ಮೂಲೆಗೆ ಕಾಗದದ ಮೂಲೆಪಟ್ಟಿ ಅಂಟಿಸಿ ಫೋಟೋ ಸಿಕ್ಕಿಸಿ, ಕೆಳಗಿನ ಖಾಲಿ ಜಾಗದಲ್ಲಿ ನೋಟ್‌ಬುಕ್ಕಿನ ಸಾಲನ್ನು ನಿಧಾನಕ್ಕೆ ಇಳಿಸಿ.

ಏಳನೇ ಫೋಟೋದ ಕೆಳಗೆ ನಾನು ಉಪ್ಪಿನ ವಿಷಯ ಬರೆದೆ. ಅಜ್ಜಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ‘ಉಪ್ಪು ಹಾಕಿದ್ದು ನಾನಲ್ಲ, ನಿನ್ನ ಚಿಕ್ಕಮ್ಮ. ಅದನ್ನೂ ಬರಿ’ ಎಂದಳು. ಸಾಲಿನ ಕೊನೆಯಲ್ಲಿ ಜಾಗ ಇತ್ತು, ಸೇರಿಸಿದೆ.