ಮಲೆನಾಡಿನ ಪ್ರೌಢಶಾಲೆಗೆ ಮೂರು ವರ್ಷದ ಆಟೋಟ ಯೋಜನೆ

ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಶಾಲೆ ಶುರುವಾಗುವ ಹೊತ್ತಿಗೇ ಮಳೆಯೂ ಹಿಡಿಯುತ್ತದೆ. ಅಂಗಳ ಒಣಗುವ ಮೊದಲೇ ವಲಯ, ತಾಲ್ಲೂಕು ಕ್ರೀಡಾಕೂಟ ಬಂದುಬಿಡುತ್ತದೆ. ಕಡೂರು, ಅರಸೀಕೆರೆಯ ಮಕ್ಕಳು ಅಷ್ಟರಲ್ಲಿ ಒಣನೆಲದಲ್ಲಿ ಪಳಗಿರುತ್ತಾರೆ. ಆದ್ದರಿಂದ ಜೂನ್‌ನಲ್ಲಿ ತಂಡ ಕಟ್ಟುವುದನ್ನು ಬಿಡಿ, ಬರುವ ವರ್ಷದ ತಂಡವನ್ನು ಈ ನವೆಂಬರ್‌ನಲ್ಲೇ ಆರಿಸಿ.

ಆಯ್ಕೆ 8 ಮತ್ತು 9ನೇ ತರಗತಿಯಿಂದ ಮಾತ್ರ. ಕಬಡ್ಡಿಗೆ ಅಂಕಣದಲ್ಲಿ 7, ಹೊರಗೆ 5 ಜನ ಸಾಕು. ಆದರೂ 16 ಮಕ್ಕಳನ್ನು ತಯಾರು ಮಾಡಿ, ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕೆಲವರು ತಪ್ಪಿಸಿಕೊಳ್ಳುವುದು ಖಂಡಿತ. ಪ್ರತಿ ಹೆಸರಿನ ಮುಂದೆ ಹುಟ್ಟಿದ ದಿನಾಂಕ ಬರೆದು, ಜನನ ಪ್ರಮಾಣ ಪತ್ರ, ಆಧಾರ್, ಶಾಲಾ ದಾಖಲೆ ಮೂರನ್ನೂ ತಾಳೆ ನೋಡಿ. 14 ಮತ್ತು 17 ವರ್ಷದೊಳಗಿನ ವಿಭಾಗಗಳ ಲೆಕ್ಕ ಹಾಕುವುದು ಆ ವರ್ಷದ ಕ್ರೀಡಾಕೂಟದ ಸುತ್ತೋಲೆಯಲ್ಲಿರುವ ದಿನಾಂಕದಿಂದ, ತರಗತಿಯಿಂದಲ್ಲ. ಗೆದ್ದ ತಂಡವೂ ದಾಖಲೆಯ ಮೇಜಿನ ಮುಂದೆ ಸೋಲುವುದು ಇಲ್ಲೇ. ತಿದ್ದುಪಡಿಗೆ ತಿಂಗಳುಗಳೇ ಹಿಡಿಯುತ್ತವೆ.

ಇನ್ನು ಮೈದಾನ. ನಮ್ಮಲ್ಲಿ ಹೆಚ್ಚಿನವು ಗುಡ್ಡ ಕಡಿದು ಮಾಡಿದವು. ಮೊದಲು ಮೇಲ್ಬದಿಯಲ್ಲಿ ಚರಂಡಿ ತೋಡಿ, ಗುಡ್ಡದ ನೀರು ಒಳಗೇ ಬರಬಾರದು. ಓಡುವ ಜಾಗಕ್ಕೆ ಅಡ್ಡಲಾಗಿ 100 ಅಡಿಗೆ 1 ಅಡಿಗಿಂತ ಹೆಚ್ಚು ಇಳಿಜಾರು ಬೇಡ. ಮಣ್ಣು ತುಂಬಿಸುವುದು ಜನವರಿ–ಫೆಬ್ರವರಿಯಲ್ಲಿ, ರೋಲರ್ ಹೊಡೆಯುವುದು ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದು ನೆಲ ಹದವಾದಾಗ. ಮೇ ಕೊನೆಗೆ ಸುರಿದ ಸಡಿಲ ಮಣ್ಣು ಜುಲೈನಲ್ಲಿ ಬರೀ ಕೆಸರು. ಖೋ ಖೋ ಕಂಬವನ್ನು ನೇರ ಹೂಳಿದರೆ ನೆಲಮಟ್ಟದಲ್ಲೇ ಲಡ್ಡಾಗುತ್ತದೆ. ಕಾಂಕ್ರೀಟಿನಲ್ಲಿ ಪೈಪು ಕೂರಿಸಿ, ಕಂಬವನ್ನು ತೆಗೆದು ಹಾಕುವಂತೆ ಮಾಡಿ. ನೆಲದಿಂದ ಮೇಲೆ 120ರಿಂದ 125 ಸೆಂ.ಮೀ. ಇರಬೇಕು.

200 ಮೀಟರ್ ಟ್ರ್ಯಾಕಿಗೆ 40 ಮೀ. ನೇರ ಭಾಗ, 18.90 ಮೀ. ತ್ರಿಜ್ಯ ಇಟ್ಟುಕೊಳ್ಳಿ. ಒಳಗೆರೆಯಿಂದ 20 ಸೆಂ.ಮೀ. ಹೊರಗೆ ಅಳೆದರೆ ಸುತ್ತು ಸರಿಯಾಗಿ 200 ಬರುತ್ತದೆ. 1.22 ಮೀ. ಅಗಲದ ನಾಲ್ಕು ಲೇನಿಗೆ ಸುಮಾರು 88 × 48 ಮೀ. ಜಾಗ ಬೇಕು, ಸುತ್ತ ಬಿಡುವ ಅಂಚು ಬೇರೆ. ಬಹಳ ಜನ ಎಡವುವುದು ಸ್ಟ್ಯಾಗರ್‌ನಲ್ಲಿ, ಅಂದರೆ ಹೊರಗಿನ ಲೇನಿನವರನ್ನು ಎಷ್ಟು ಮುಂದೆ ನಿಲ್ಲಿಸಬೇಕು ಎಂಬ ಅಂತರದಲ್ಲಿ. ಟ್ರ್ಯಾಕ್ 400 ಮೀಟರಿನ ಅರ್ಧ ಅಂತ ಸ್ಟ್ಯಾಗರನ್ನೂ ಅರ್ಧ ಮಾಡುತ್ತಾರೆ. ಅದು ನಿಂತಿರುವುದು ಲೇನಿನ ಅಗಲದ ಮೇಲೆ. ಪೂರ್ತಿ ಒಂದು ಸುತ್ತಿಗೆ, ಸುಣ್ಣದ ಗೆರೆಯ ಟ್ರ್ಯಾಕಿನಲ್ಲಿ ಪ್ರತಿ ಲೇನಿಗೆ 7.67 ಮೀ. ಮುಂದಕ್ಕೆ, ಹಾಗಾಗಿ ನಾಲ್ಕನೇ ಲೇನು 23 ಮೀ. ಮುಂದೆ ನಿಲ್ಲಬೇಕು.

ಅಭ್ಯಾಸ ಸಂಜೆಗೆ ಬೇಡ, ಬಸ್ಸು ಕಾಯುವುದಿಲ್ಲ. ಬೆಳಗಿನ ಬಸ್ಸಿಗೂ ಪ್ರಾರ್ಥನೆಗೂ ನಡುವಿನ ಸಮಯವೇ ಗಟ್ಟಿ. ಮಳೆಯಲ್ಲಿ ಜಗಲಿಯ ಮೇಲೆ ಸ್ಕಿಪ್ಪಿಂಗ್, ಬಸ್ಕಿ, ಪ್ಲ್ಯಾಂಕ್ ಮಾಡಿಸಬಹುದು, ಒದ್ದೆ ಸಿಮೆಂಟಿನ ಮೇಲೆ ಓಡಿಸುವುದು ಮಾತ್ರ ಬೇಡ. ಜಿಲ್ಲೆ ದಾಟುವ ಕಬಡ್ಡಿ ತಂಡಕ್ಕೆ ಒಮ್ಮೆಯಾದರೂ ಎಲ್ಲಾದರೂ ಮ್ಯಾಟ್ ಮೇಲೆ ಆಡಿಸಿ. ಮಣ್ಣಿನಲ್ಲಿ ಬರಿಗಾಲಲ್ಲಿ ಕಲಿತವರು ಶೂ ಹಾಕಿ ಮ್ಯಾಟ್ ಹತ್ತಿದರೆ ತಿರುವಿನಲ್ಲಿ ತಡವರಿಸುತ್ತಾರೆ. ಹಾಸನ, ಚಿಕ್ಕಮಗಳೂರು ಎರಡೂ ಮೈಸೂರು ವಿಭಾಗಕ್ಕೆ ಸೇರುವುದರಿಂದ ಮುಂದಿನ ಮಟ್ಟದಲ್ಲಿ ಎದುರಾಳಿ ದಕ್ಷಿಣ ಕನ್ನಡದವರಾಗಬಹುದು, ಮಂಡ್ಯದವರೂ ಆಗಬಹುದು.

ಹತ್ತನೇ ತರಗತಿ ಮುಗಿಸುವ ಪ್ರತಿ ಆಟಗಾರನ ಸಮಯ, ದೂರ, ಗಾಯದ ವಿವರವನ್ನು ಒಂದೇ ಹಾಳೆಯಲ್ಲಿ ಬರೆದು ಪ್ರಮಾಣಪತ್ರಗಳ ಜೊತೆ ಕೊಡಿ, ಒಂದು ಪ್ರತಿ ಶಾಲೆಯಲ್ಲಿರಲಿ. ಪಿಯು ಕಾಲೇಜಿನ ದೈಹಿಕ ಶಿಕ್ಷಕರಿಗೆ ಜೂನ್‌ಗೆ ಮೊದಲೇ ಫೋನು ಮಾಡಿ ಹೆಸರು ಹೇಳಿ.